ಮೂವತ್ತೊಂದು ನಿಮಿಷದ ಕೈ

ಕಾಶವ್ವ ಹೂಗಾರ ನಮ್ಮ ಶಾಲೆಯ ಮೇಲೆ ಹಾಕಿದ ತಕರಾರು ಅರ್ಜಿಯಲ್ಲಿ ಬೇಡಿಕೆಯ ಕಲಮು ಒಂದೇ ಸಾಲಿನದಾಗಿತ್ತು: ‘ನನ್ನ ಕೈ ನನಗೆ ವಾಪಸು ಕೊಡಿಸಬೇಕು.’

ಶುಲ್ಕ ಮರಳಿ ಕೇಳಿರಲಿಲ್ಲ, ಪರಿಹಾರ ಕೇಳಿರಲಿಲ್ಲ, ಕ್ಷಮೆಯನ್ನೂ ಕೇಳಿರಲಿಲ್ಲ. ಧಾರವಾಡದ ಕ್ಷಿಪ್ರವಿದ್ಯಾ ಗಣಕ ತರಬೇತಿ ಶಾಲೆಯ ಪ್ರಾಚಾರ್ಯರಾದ ವಿದ್ಯಾಧರ ಮುನವಳ್ಳಿಯವರು ಆ ಸಾಲನ್ನು ಸಿಬ್ಬಂದಿಯೆಲ್ಲರ ಎದುರು ಎರಡು ಸಲ ಓದಿದರು.

“ಬಂದಾಗ ಎರಡು ಕೈ ಇದ್ದುವು, ಹೋಗುಮುಂದೂ ಎರಡ ಇದ್ದುವು. ಬಾಗಲದಾಗ ಕ್ಯಾಮೆರಾ ಐತಿ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಪ್ರಾಚಾರ್ಯರು ನಕ್ಕಾಗ ಸುಮ್ಮನೆ ಕೂರುವಷ್ಟು ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆ ನಗೆಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾನು ಫಕೀರೇಶ ಬೆಳವಟಗಿ, ಆ ಶಾಲೆಯ ಟೊಪ್ಪಿಗೆ ಕೋಣೆಯ ನಿರ್ವಾಹಕ. ಕಾಶವ್ವನ ತಲೆಗೆ ಟೊಪ್ಪಿಗೆ ಇಟ್ಟವನು ನಾನೇ.

ಟೊಪ್ಪಿಗೆಗಳು ನಮ್ಮ ಊರುಗಳಿಗೆ ಬಂದು ಆಗಲೇ ಹತ್ತು ವರ್ಷವಾಗಿತ್ತು. ಆದರೂ ತಲೆಗೆ ಹಾಕಿಕೊಂಡವರಲ್ಲಿ ಅರ್ಧಕ್ಕರ್ಧ ಜನರಿಗೆ ಅದು ಏನು ಮಾಡುತ್ತದೆಂದು ಗೊತ್ತಿರಲಿಲ್ಲ. ನಮ್ಮ ಕೈ ಏನನ್ನಾದರೂ ಚೆನ್ನಾಗಿ ಕಲಿತಾಗ ಮಿದುಳಿನಲ್ಲಿ ಒಂದು ದಾರಿ ಬೀಳುತ್ತದೆ. ಯಾವ ನರಕೋಶದ ಹಿಂದೆ ಯಾವುದು ಎಚ್ಚರಗೊಳ್ಳಬೇಕು ಎಂಬ ಕ್ರಮವೇ ಆ ದಾರಿ. ಪಳಗಿದ ಗುರುವೊಬ್ಬ ಟೊಪ್ಪಿಗೆ ಹಾಕಿಕೊಂಡು ನಲವತ್ತು ತಾಸು ಕೆಲಸ ಮಾಡಿದರೆ ಅದು ಆ ಕ್ರಮವನ್ನು ಬರೆದುಕೊಳ್ಳುತ್ತದೆ. ಅದೇ ಕ್ರಮವನ್ನು ಕಲಿಯುವವರ ತಲೆಯಲ್ಲಿ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಿಂದ ಮತ್ತೆ ಮತ್ತೆ ಎಬ್ಬಿಸಿದರೆ ಹನ್ನೆರಡು ದಿನದಲ್ಲಿ ಅವರಿಗೂ ದಾರಿ ಬೀಳುತ್ತದೆ. ಇತಿಹಾಸ, ವ್ಯಾಕರಣ, ಮಗ್ಗಿ ಇವು ಯಾವುವೂ ಟೊಪ್ಪಿಗೆಗೆ ದಕ್ಕುವುದಿಲ್ಲ, ಕೈಯ ವಿದ್ಯೆ ಮಾತ್ರ ದಕ್ಕುತ್ತದೆ. ಹಾಗಾಗಿ ಅದು ಮೊದಲು ಹೊಕ್ಕದ್ದು ಗಣಕ ಶಾಲೆಗಳನ್ನು. ಎರಡು ವರ್ಷ ಕೂತು ಕಲಿಯಬೇಕಾದ ವಿನ್ಯಾಸದ ಕೆಲಸವನ್ನು ನಾವು ಹನ್ನೆರಡು ದಿನದಲ್ಲಿ ಕೈಗೆ ಹಾಕಿ ಕಳಿಸುತ್ತಿದ್ದೆವು.

ದಾರಿ ಹಾಕಲು ಮೊದಲು ಜಾಗ ಬೇಕಲ್ಲ. ಅದಕ್ಕೆಂದು ಮೊದಲ ದಿನ ವಿದ್ಯಾರ್ಥಿ ನಲವತ್ತು ನಿಮಿಷ ಟೊಪ್ಪಿಗೆ ಹಾಕಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ ಕೂರಬೇಕು. ಟೊಪ್ಪಿಗೆ ಒಳಗೆಲ್ಲ ಕಣ್ಣಾಡಿಸಿ ಸದ್ದಿಲ್ಲದ ಜಾಗ ಹುಡುಕುತ್ತದೆ. ಇದಕ್ಕೆ ಖಾಲಿ ಓದು ಎಂದು ಹೆಸರು. ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಆ ಜಾಗವನ್ನು ಹಿಡಿದುಬಿಡುತ್ತದೆ. ಸೀಟು ನಿಜವಾಗಿ ಖಾಲಿಯೋ, ಅಲ್ಲಿ ಕೂತಿದ್ದವರು ನೀರು ಕುಡಿಯಲು ಇಳಿದಿದ್ದಾರೋ ಎಂದು ಟವೆಲ್ ಕೇಳುವುದಿಲ್ಲ.

ಕಾಶವ್ವನಿಗೆ ಐವತ್ತೆರಡು ವರ್ಷ. ಕಸೂತಿಯ ಸೂಜಿ ಹಿಡಿದದ್ದು ಆರನೆಯ ವಯಸ್ಸಿಗೆ. ಕಾಮನಕಟ್ಟಿ ಓಣಿಯ ಹೆಂಗಸರ ಕಸೂತಿ ಸಂಘ ಗಣಕದಿಂದ ನಡೆಯುವ ಹೊಲಿಗೆ ಯಂತ್ರ ತರಿಸಿದಾಗ, ಎಳೆ ಎಣಿಸುವುದೂ ಗೊತ್ತಿದ್ದು ಗಣಕವೂ ಗೊತ್ತಿರುವವರು ಒಬ್ಬರು ಬೇಕಾದರು. ಕಾಶವ್ವ ತಾನೇ ಮುಂದೆ ಬಂದು ನಮ್ಮಲ್ಲಿ ಸೇರಿದಳು. ಹನ್ನೆರಡನೆಯ ದಿನ ನೂರಕ್ಕೆ ತೊಂಬತ್ತೆಂಟು ಅಂಕ ಬಂತು. ಅವಳ ಫೋಟೊವನ್ನು ದೊಡ್ಡದು ಮಾಡಿಸಿ ಬಾಗಿಲ ಪಕ್ಕದ ಗೋಡೆಗೆ ಹಾಕಿದೆವು.

ಒಂದು ತಿಂಗಳಿಗೆ ಅವಳು ಅದೇ ಫೋಟೊದ ಕೆಳಗೆ ಬಂದು ನಿಂತು, “ನನ್ನ ಕೈಗೆ ಕಸೂತಿ ಬರವಲ್ದು, ನಿಮ್ಮ ಟೊಪಗಿ ಏನೋ ಮಾಡೇತಿ,” ಅಂದಳು.

ಮುನವಳ್ಳಿ ಸರ್ ಅಂಕಪಟ್ಟಿ ತೋರಿಸಿದರು. ಗಣಕದ ಕೆಲಸ ಬರುತ್ತದೋ ಇಲ್ಲವೋ ಎಂದು ಕೇಳಿದರು. ಬರುತ್ತದೆ ಅಂದಳು. “ಮತ್ತ ನಮ್ಮ ಕೆಲಸ ಮುಗೀತಲ್ಲವಾ. ವಯಸ್ಸಾತು, ಕಣ್ಣು ಮಂಜಾಗಿರತಾವ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ,” ಎಂದು ಮಾತು ಮುಗಿಸಿದರು. ನಾನು ನನ್ನ ಪಾಲಿನ ಉಪ್ಪು ಸುರಿಯುವವನಂತೆ, “ಯಂತ್ರ ಸುಳ್ಳು ಹೇಳಂಗಿಲ್ಲ ಅವ್ವಾರ,” ಎಂದೆ.

ಕಾಶವ್ವ ನನ್ನನ್ನು ನೋಡಿದಳು. “ಅದು ಸುಳ್ಳು ಹೇಳೇತಿ ಅಂತ ಯಾರಂದ್ರು? ಅದನ್ನ ಕೇಳಬೇಕಾದ್ದು ಕೇಳಿಲ್ಲ ನೀವು,” ಎಂದು ಹೊರಟುಹೋದಳು. ಮರುವಾರ ಕಲಿಕೆ ತಕರಾರು ಪೀಠದಿಂದ ನೋಟೀಸು ಬಂತು.

ವಿಚಾರಣೆಗೆ ಮುಂಚೆ ಅವಳ ತಲೆಯಲ್ಲಿ ನಮ್ಮ ತರಬೇತಿ ಸರಿಯಾಗಿ ಕೂತಿದೆಯೆಂದು ಅಳೆದುಕೊಂಡು ಬಾ ಎಂದು ಸರ್ ನನ್ನನ್ನು ಕೈಯಲ್ಲಿ ಒಯ್ಯುವ ಸಣ್ಣ ಟೊಪ್ಪಿಗೆಯೊಂದಿಗೆ ಅವಳ ಮನೆಗೆ ಅಟ್ಟಿದರು. ಮಧ್ಯಾಹ್ನದ ಹೊತ್ತು. ಮಗಳು ಶೈಲಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಎಂಟು ತಿಂಗಳ ಹೊಟ್ಟೆ. ಹುಟ್ಟುವ ಕೂಸಿಗೆ ಅಜ್ಜಿ ಕಸೂತಿಯ ಕುಂಚಿಗೆ ಹೊಲಿದು ತಲೆಗೆ ಹಾಕುವುದು ಅವರ ಮನೆಯ ಪದ್ಧತಿ. ಕಾಶವ್ವನ ಅವ್ವ ಶೈಲಾಳಿಗೆ ಹೊಲಿದಿದ್ದಳು, ಅವಳ ಅವ್ವ ಕಾಶವ್ವನಿಗೆ.

“ಬಾ ತಮ್ಮಾ, ಕುಂಡ್ರು. ಮೊದಲ ನೀರು ಕುಡಿ, ಆಮ್ಯಾಲ ನಿನ್ನ ಟೊಪಗಿ ತಗಿ,” ಅಂದಳು. ತಕರಾರು ಹಾಕಿದ ಶಾಲೆಯವನು ಬಂದಿದ್ದಾನೆ ಎಂಬ ಮುಖ ಮಾಡಲಿಲ್ಲ.

ಅಳತೆ ಮುಗಿಯಿತು. ತೊಂಬತ್ತೆಂಟೇ ಬಂತು. ನಾನು ಗೆದ್ದೆನೆಂದುಕೊಂಡು ಎದ್ದೆ. ಅವಳು ಕಪ್ಪು ಕೈಮಗ್ಗದ ಬಟ್ಟೆಯೊಂದನ್ನು ತೊಡೆಯ ಮೇಲೆ ಹರಡಿ, “ಒಂದು ಸಣ್ಣ ಗೋಪುರ ಹಾಕಿ ತೋರಸ್ತೀನಿ, ನೋಡಿ ಹೋಗು,” ಅಂದಳು.

ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಎಳೆ ಎಣಿಸುತ್ತ, ನಡುನಡುವೆ ಜಾಗ ಬಿಡುತ್ತ ತುದಿಯ ತನಕ ಹೋಗುತ್ತದೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ, ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು, ಹೊರಟಲ್ಲಿಗೇ ವಾಪಸು ಬರುತ್ತದೆ. ಮುಗಿದಾಗ ಬಟ್ಟೆಯ ಹೊರಮೈಯೂ ಒಳಮೈಯೂ ಒಂದೇ. ಇದನ್ನು ನಾನು ಆವತ್ತು ಅವಳಿಂದಲೇ ಕೇಳಿ ತಿಳಿದದ್ದು.

ಅವಳ ಸೂಜಿ ಹೋಯಿತು. ಎಳೆ ಎಣಿಸುತ್ತ, ತುಟಿ ಅಲುಗಿಸುತ್ತ, ಗೋಪುರದ ತುದಿಯ ತನಕ ತಡವರಿಸುತ್ತಲೇ ಹೋಯಿತು. ಅಲ್ಲಿ ನಿಂತಿತು. ಕೈ ಹೊರಳಬೇಕಾದಲ್ಲಿ ಹೊರಳದೆ, ತೋರುಬೆರಳು ಗಾಳಿಯಲ್ಲಿ ಎರಡು ಸಲ ಟಕ್ ಟಕ್ ಎಂದು ಬಡಿಯಿತು. ಗಣಕದಲ್ಲಿ ಒಂದು ಆಕೃತಿ ಮುಗಿದಾಗ ಗುಂಡಿ ಒತ್ತುವ ಬಡಿತ ಅದು. ನಾವು ಹಾಕಿದ ಬಡಿತ.

“ನೋಡಿದಿ? ತಲಿಗೆ ಎಲ್ಲಾ ಗೊತ್ತೈತಿ. ಹೋಗೂದು ಹೋಗತೈತಿ, ಹೊಳ್ಳಿ ಬರಾಕ ಕೈಗೆ ದಾರಿ ಸಿಗವಲ್ದು,” ಅಂದಳು.

“ಮತ್ತೊಮ್ಮೆ ರೂಢಿ ಮಾಡಿಕೊಂಡರ ಆತಲ್ಲ ಬೇ.”

“ತಿಂಗಳಾತು, ದಿನಾ ಮಾಡಾಕತ್ತೇನಿ. ಪ್ರತಿಸರತೆ ನಿಮ್ಮ ದಾರಿಗೇ ಹೋಗಿ ಬೀಳತೈತಿ. ನನ್ನ ಅವ್ವ ಸತ್ತು ಹದಿನೆಂಟು ವರ್ಷಾತಪ್ಪಾ. ಆಕಿ ನನ್ನ ಕೈ ಹಿಡದು ತಿರಿವಿದ್ದು ಈ ಕೈಯಾಗಿತ್ತು. ಅದು ಹೋತು.” ಅವಳು ಅಳಲಿಲ್ಲ. ಬಟ್ಟೆ ಮಡಚಿ ಪಕ್ಕಕ್ಕಿಟ್ಟು, ಊಟಕ್ಕೇಳು ಅಂದಳು.

ಶೈಲಾ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಸದ್ದಿಗೆ ರೊಟ್ಟಿ ತಾನಾಗಿಯೇ ತಿರುಗುತ್ತ ಅಗಲವಾಗುತ್ತಿತ್ತು. ಊಟ ಮಾಡುತ್ತ ನಾನು ಸುಮ್ಮನಿರಲಾರದೆ, “ನಾನೂ ಬಡೀತಿದ್ದೆ, ನಮ್ಮವ್ವ ಕಲಿಸಿದ್ಲು. ಈಗೀಗ ಹರೀತಾವ. ಹಿಟ್ಟಿನ್ಯಾಗ ಜಿಗಿ ಇಲ್ಲ, ಈಗಿನ ಜೋಳ ಸುಮಾರು,” ಎಂದೆ.

“ಎಷ್ಟು ವರ್ಷಾತು ಹರಿಯಾಕತ್ತಿ?” ಕಾಶವ್ವ ಕೇಳಿದಳು.

“ನಾಲ್ಕು.”

“ನೀ ಟೊಪಗಿ ಹಾಕ್ಕೊಂಡು ಈ ಕೆಲಸ ಕಲತು?”

ಬಾಯಲ್ಲಿದ್ದ ತುತ್ತು ಬಾಯಲ್ಲೇ ನಿಂತಿತು. ಅದೂ ನಾಲ್ಕೇ.

“ಶೈಲಾ, ಅವಗ ಒಂದು ಉಂಡಿ ಹಿಟ್ಟು ಕೊಡು,” ಅಂದಳು ಕಾಶವ್ವ.

ಶೈಲಾ ನಾದಿದ ಅದೇ ಹಿಟ್ಟು, ರೊಟ್ಟಿ ಬಡಿಯುವ ಅದೇ ಕೊಣಮಿಗೆ. ನಾನು ಕೂತು ಬಡಿದೆ. ರೊಟ್ಟಿ ತಿರುಗಲಿಲ್ಲ. ಎರಡು ಸಲ ಬಡಿದ ಮೇಲೆ ನನ್ನ ಎಡಗೈ ಪಕ್ಕಕ್ಕೆ ಸರಿದು ಏನನ್ನೋ ಮೇಲಕ್ಕೆ ದೂಡಿತು. ಅದು ಟೊಪ್ಪಿಗೆ ಯಂತ್ರದ ಸನ್ನೆಗೋಲು ದೂಡುವ ರೀತಿ. ರೊಟ್ಟಿ ನಡುವೆ ಹರಿದು ಎರಡು ಹೋಳಾಯಿತು.

“ನಾಲ್ಕು ವರ್ಷ ಜೋಳದ ಮ್ಯಾಲ ತಪ್ಪು ಹೊರಿಸಿಯಲ್ಲೋ,” ಎಂದು ಕಾಶವ್ವ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಅವ್ವನೂ ಈಗ ಇಲ್ಲ.

ಶಾಲೆಗೆ ಬಂದು ಸರ್‌ಗೆ ಇದನ್ನೆಲ್ಲ ಹೇಳಿದೆ. ಖಾಲಿ ಓದಿನಲ್ಲಿ ಕೈ ಸುಮ್ಮನಿದ್ದರೆ ಕೈಯ ವಿದ್ಯೆಯೂ ಮಲಗಿರುತ್ತದೆ, ಮಲಗಿದ್ದನ್ನು ಟೊಪ್ಪಿಗೆ ಖಾಲಿ ಎಂದು ತಿಳಿದು ಅದರ ಮೇಲೇ ದಾರಿ ಹಾಕುತ್ತಿದೆ ಎಂದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

“ನೀ ಯಾರ ಕಡೆಯಾಂವ?” ಎಂದು ಕೇಳಿದರು.

“ಶಾಲೆ ಕಡೆಯಾಂವ ಸರ,” ಎಂದೆ. ಅದೂ ನಿಜವೇ. ಅವತ್ತು ನನ್ನ ನಾಲಿಗೆ ಅದಕ್ಕಿಂತ ಉದ್ದ ಬೆಳೆದಿರಲಿಲ್ಲ. ವಕೀಲರು ಕೇಳಿದ್ದಾರೆಂದು ಕಾಶವ್ವನ ಕಡತ, ದೃಶ್ಯಮುದ್ರಣ ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ, ನೋಡದೆಯೇ ಕಳಿಸಿದೆ.

ಪೀಠದ ಅಧ್ಯಕ್ಷೆ ರುಕ್ಸಾನಾ ನದಾಫರು ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಿ ಬಂದವರು. ಉದ್ದ ಮಾತು ಅವರಿಗೆ ಆಗುತ್ತಿರಲಿಲ್ಲ. ನಮ್ಮ ಪರವಾಗಿ ವಕೀಲ ಹಂಚಿನಮನಿ. ಕಾಶವ್ವ ತನ್ನ ಪರವಾಗಿ ತಾನೇ ನಿಂತಳು. ಕಸೂತಿ ಸಂಘದ ಹನ್ನೆರಡು ಹೆಂಗಸರು ಹಿಂದಿನ ಬೆಂಚುಗಳಲ್ಲಿ ಒತ್ತಾಗಿ ಕೂತಿದ್ದರು.

ಅವಳು ತಾನು ಹಿಂದೆ ಹೊಲಿದ ಸೆರಗು, ಕುಪ್ಪಸಗಳನ್ನು ಮೇಜಿನ ಮೇಲೆ ಹರಡಿದಳು. ಹಂಚಿನಮನಿ ಒಂದೊಂದನ್ನೂ ಎತ್ತಿ ನೋಡಿ, “ಇವನ್ನು ಇವರೇ ಹೊಲಿದರು ಎನ್ನುವುದಕ್ಕೆ ಏನು ಆಧಾರ? ಬಟ್ಟೆ ಮಾತಾಡುವುದಿಲ್ಲ,” ಅಂದರು.

ಅವಳು ಸೂಜಿ ಹಿಡಿದು ಅಲ್ಲೇ ಹೊಲಿದು ತೋರಿಸಿದಳು. ಸೂಜಿ ತುದಿಗೆ ಹೋಗಿ ನಿಂತಿತು, ಬೆರಳು ಟಕ್ ಟಕ್ ಬಡಿಯಿತು.

“ಬರುವುದಿಲ್ಲ ಎಂದು ನಟಿಸುವುದು ಯಾರಿಗಾದರೂ ಬರುತ್ತದೆ,” ಅಂದರು ಹಂಚಿನಮನಿ.

  ಇದ್ದುದನ್ನು ತೋರಿಸಬಹುದು, ಹೋದುದನ್ನು ತೋರಿಸುವುದು ಹೇಗೆ? ಕಾಶವ್ವ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ಹಿಂದಿನ ಬೆಂಚಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೇಸು ಅಲ್ಲಿಗೆ ಮುಗಿದಿತ್ತು.

ಆದರೆ ಹಂಚಿನಮನಿಗೆ ಗೆದ್ದರೆ ಸಾಲದು, ಎದುರಿನವರು ಮಣ್ಣು ಮುಕ್ಕಬೇಕು. “ಇನ್ನೊಂದು ಸಂಗತಿ, ಅಧ್ಯಕ್ಷರೇ. ವಾದಕ್ಕಾಗಿ ಇವರ ಕೈಗೆ ಏನೋ ಆಗಿದೆ ಅಂತಲೇ ಇಟ್ಟುಕೊಳ್ಳೋಣ. ತಪ್ಪು ಯಾರದು? ಶಾಲೆಯ ಏಳನೆಯ ನಿಯಮ ಹೇಳುತ್ತದೆ, ಖಾಲಿ ಓದಿನ ಸಮಯದಲ್ಲಿ ಕೈಗಳು ನಿಶ್ಚಲವಾಗಿರಬೇಕು ಎಂದು. ಇವರು ಏನು ಮಾಡಿದರು, ತಾವೇ ನೋಡಿ,” ಎಂದು ಗೋಡೆಯ ಪರದೆಯ ಮೇಲೆ ನಮ್ಮ ಕೋಣೆಯ ದೃಶ್ಯಮುದ್ರಣ ಹಾಕಿದರು.

ಕುರ್ಚಿಯಲ್ಲಿ ಟೊಪ್ಪಿಗೆ ಹಾಕಿಕೊಂಡ ಕಾಶವ್ವ ಕೂತಿದ್ದಳು. ಎಂಟು ನಿಮಿಷ ಕೈ ತೊಡೆಯ ಮೇಲಿದ್ದುವು. ಒಂಬತ್ತನೆಯ ನಿಮಿಷಕ್ಕೆ ಅವಳು ಅತ್ತಿತ್ತ ನೋಡಿ, ಸೊಂಟದ ಚೀಲದಿಂದ ಬಟ್ಟೆಯ ತುಂಡು, ಸೂಜಿ ತೆಗೆದಳು. ಜೀವಮಾನದಲ್ಲಿ ಕೈ ಖಾಲಿ ಇಟ್ಟು ಕೂತು ಗೊತ್ತಿಲ್ಲದ ಹೆಂಗಸು. ಹರಟೆ ಹೊಡೆಯುವಾಗಲೂ, ಬಸ್ಸಿಗೆ ಕಾಯುವಾಗಲೂ ಹೊಲಿಯುವವಳು. ಉಳಿದ ಮೂವತ್ತೊಂದು ನಿಮಿಷ ಬಿಡುವಿಲ್ಲದೆ ಹೊಲಿದಳು. ಪರದೆಯ ಮೇಲೆ ಸೂಜಿ ಹೋಯಿತು, ತುದಿ ಮುಟ್ಟಿತು, ಮಣಿಕಟ್ಟು ಹೊರಳಿತು, ಸೂಜಿ ವಾಪಸು ಬಂತು. ಮತ್ತೆ ಹೋಯಿತು, ಮತ್ತೆ ಬಂತು.

“ನಿಯಮ ಮುರಿದವರು ಇವರು,” ಅಂದರು ಹಂಚಿನಮನಿ. ನಮ್ಮ ಕಡೆಯವರು ನಕ್ಕರು.

ಕಾಶವ್ವ ಎದ್ದು ನಿಂತಿದ್ದಳು. ಪರದೆಯ ಹತ್ತಿರ ಹೋಗಿ, ತನ್ನದೇ ಕೈಗಳನ್ನು ಕಣ್ಣು ಮಿಟುಕಿಸದೆ ನೋಡಿದಳು. ಅವಳ ಮುಖದಲ್ಲಿ ಆಗ ಮೂಡಿದ ಸಂತೋಷವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

“ಬಾಯಾರ, ನನ್ನ ಕೈ ನೋಡ್ರಿ. ನನಗ ಬರತಿತ್ತು ಅನ್ನಾಕ ಆಧಾರ ಇಲ್ಲ ಅಂದ್ರು, ತಾವ ತಂದು ತೋರಿಸ್ಯಾರ,” ಅಂದಳು ಅಧ್ಯಕ್ಷೆಗೆ. ಆಮೇಲೆ ಸಭೆಯನ್ನೆಲ್ಲ ಬಿಟ್ಟು ನೇರವಾಗಿ ನನ್ನ ಕಡೆಗೆ ತಿರುಗಿದಳು. “ತಮ್ಮಾ, ಇದನ್ನ ಹೊಲಿಯಾಗ ಟೊಪಗಿ ನನ್ನ ತಲಿ ಮ್ಯಾಲ ಐತಲ್ಲ. ಅದು ಸುಮ್ಮನ ಕುಂತಿತ್ತೇನು, ಬರಕೊಂಡತೇನು?”

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೇನೆಂದು ಹಂಚಿನಮನಿಗೆ ಆಗ ಹೊಳೆಯಿತು. ಆಕ್ಷೇಪಣೆ ಎಂದು ಕೂಗಿದರು. ಮುನವಳ್ಳಿ ಸರ್ ನನ್ನನ್ನು ದುರುಗುಟ್ಟಿ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನನ್ನ ಕೈ ಆಗಲೇ ಹಣೆಗೆ ಹೋಗಿತ್ತು. ಅವಳ ಖಾಲಿ ಓದಿನ ದಿನ ನೆನಪಾಗಿತ್ತು.

ನಾನು ಎದ್ದೆ. 

“ಬರಕೊಂಡೇತ್ರಿ,” ಎಂದೆ. “ಅಷ್ಟ ಅಲ್ಲ. ಕೈ ಅಲುಗಾಡಾಕತ್ತೇತಿ, ಏನು ಮಾಡ್ಲಿ ಅಂತ ಯಂತ್ರ ನನ್ನ ಕೇಳಿತ್ತು. ಅವತ್ತು ಹೊರಗ ಹದಿನೆಂಟು ಮಂದಿ ಪಾಳಿ ಹಚ್ಚಿದ್ರು. ನಾನು ಪರದೆನೂ ನೋಡದ, ಅದೇನು ಲೆಕ್ಕಕ್ಕಿಲ್ಲ, ಖಾಲಿ ಅಂತ ಹಿಡಿ ಅಂತ ಗುಂಡಿ ಒತ್ತಿದೆ. ಅವ್ವಾರ ಕಸೂತಿ ಇದ್ದ ಜಾಗನ ಖಾಲಿ ಅಂದಾಂವ ನಾನ್ರಿ.”

 ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. “ಬರಕೊಂಡದ್ದು ಈಗೂ ಐತೇನು?”

“ಮೂರು ವರ್ಷ ಇಡತೇವ್ರಿ.”

“ಆ ಟೊಪಗಿಗೆ ಇಂವ ಗುರು, ಇಂವ ವಿದ್ಯಾರ್ಥಿ ಅಂತ ಫರಕು ತಿಳೀತೈತೇನು?”

“ಇಲ್ರಿ. ಯಾವ ತಲಿ ಮ್ಯಾಲ ಇಟ್ಟರೂ ಬರಕೋತೈತಿ. ಬರಕೊಂಡದ್ದನ್ನ ಯಾವ ತಲಿಗೆ ಬೇಕಾದ್ರೂ ಹಾಕತೈತಿ.”

“ಹಂಗಾರ ಕಾಶವ್ವಗ ಕಾಶವ್ವನ ಗುರು ಆದಳಲ್ಲ,” ಅಂದರು ನದಾಫರು. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಎದ್ದಿತು. ಅವರು ಕೈಯೆತ್ತಿ ನಿಲ್ಲಿಸಿ, “ಕೆಲಸ ಆಗತೈತೋ ಇಲ್ಲೋ, ಅದನ್ನ ಹೇಳು,” ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಗುರುವಿನ ದಾಖಲೆ ನಲವತ್ತು ತಾಸಿನದು, ಇದು ಮೂವತ್ತೊಂದು ನಿಮಿಷದ್ದು. ಆದರೆ ಗುರುವಿನ ದಾಖಲೆ ಹೋಗಿ ಕೂರುವುದು ಏನೂ ತಿಳಿಯದ ತಲೆಯಲ್ಲಿ. ಕಾಶವ್ವನ ತಲೆಯಲ್ಲಿ ಅದೇ ದಾರಿ ನಲವತ್ತಾರು ವರ್ಷ ಸವೆದಿತ್ತು, ಅದರ ಮೇಲೆ ನಮ್ಮದು ಬಿದ್ದು ಮುಚ್ಚಿತ್ತು. ಆ ದಾರಿಯ ಬಾಯಿ ಸಿಕ್ಕರೆ ಉಳಿದದ್ದೂ ತೆರೆದೀತು. ತೆರೆದರೆ ಅದರ ಮೇಲೆ ಹಾಕಿದ ಗಣಕದ ಕೆಲಸ ಮಾತ್ರ ಪೂರಾ ಹೋಗುತ್ತದೆ ಎಂದೂ ಹೇಳಿದೆ.

“ಹೋದರ ಹೋಗ್ಲಿ. ಅದನ್ನ ಕಲಿಸಾವರು ಇನ್ನೂ ಜೀವಂತ ಅದಾರ,” ಅಂದಳು ಕಾಶವ್ವ.

ಹದಿನೈದು ದಿನದೊಳಗೆ ಕೈ ವಾಪಸು ಮಾಡಬೇಕು, ಕೊನೆಯ ದಿ‌ನ ತಾನೇ ಬಂದು ನೋಡುತ್ತೇನೆ ಎಂದು ಪೀಠ ಆಜ್ಞೆ ಮಾಡಿತು.

ದಿನಕ್ಕೆ ಮೂರು ಸಲ ಆ ಮೂವತ್ತೊಂದು ನಿಮಿಷವನ್ನು ಅವಳ ತಲೆಗೆ ಹಾಕಿದೆ. ಮೊದಲ ವಾರ ಏನೂ ಆಗಲಿಲ್ಲ. ದಿನವೂ ಕೊನೆಗೆ ಸೂಜಿ ಹಿಡಿಯುತ್ತಿದ್ದಳು, ದಿನವೂ ತುದಿಯಲ್ಲಿ ಬೆರಳು ಟಕ್ ಟಕ್ ಬಡಿಯುತ್ತಿತ್ತು. ಎಂಟನೆಯ ದಿನ ಬೆಳಿಗ್ಗೆ ಶೈಲಾ ಹೆತ್ತಳು, ಹೆಣ್ಣು ಕೂಸು. ಕಾಶವ್ವ ದವಾಖಾನೆಯಿಂದ ನೇರವಾಗಿ ಶಾಲೆಗೆ ಬಂದು ಕುರ್ಚಿಯಲ್ಲಿ ಕೂತು, “ಹಾಕು ತಮ್ಮಾ, ಹೊತ್ತು ಹೋಗಾಕತ್ತೇತಿ,” ಅಂದಳು. ಹತ್ತನೆಯ ದಿನದ ಹೊತ್ತಿಗೆ ಬೆರಳಿನ ಬಡಿತ ಒಂದೇ ಆಯಿತು. ಅಂದರೆ ನಮ್ಮ ದಾರಿ ಸಡಿಲಾಗುತ್ತಿತ್ತು, ಅವಳದು ಮಾತ್ರ ಇನ್ನೂ ಎದ್ದಿರಲಿಲ್ಲ. ಎರಡೂ ಇಲ್ಲದೆ ಬರಿಗೈಯಾದರೆ ಏನು ಗತಿ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಹದಿನೈದನೆಯ ದಿನ ನಮ್ಮ ಸಣ್ಣ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷೆ, ವಕೀಲರು, ಮುನವಳ್ಳಿ ಸರ್, ಸಂಘದ ಹೆಂಗಸರು ಎಲ್ಲರೂ ಇದ್ದರು. ಕೊನೆಯ ಮಿಡಿತ ಮುಗಿಯಿತು. ಟೊಪ್ಪಿಗೆ ತೆಗೆದೆ. ಕಾಶವ್ವ ಕಪ್ಪು ಬಟ್ಟೆಯನ್ನು ತೊಡೆಯ ಮೇಲೆ ಹರಡಿ ಸೂಜಿ ಚುಚ್ಚಿದಳು.

ಸೂಜಿ ಹೋಯಿತು. ಎಳೆ ಬಿಟ್ಟು ಎಳೆ ಹಿಡಿದು ತುದಿ ಮುಟ್ಟಿತು. ನಿಂತಿತು. ಅವಳ ತೋರುಬೆರಳು ಸಣ್ಣಗೆ ಅದುರಿತು, ಆದರೆ ಬಡಿಯಲಿಲ್ಲ. ಕಾಶವ್ವ ಕಣ್ಣು ಮುಚ್ಚಿದಳು. ಮಣಿಕಟ್ಟು ಮೆಲ್ಲಗೆ, ಯಾರೋ ಹಿಡಿದು ತಿರುಗಿಸಿದ ಹಾಗೆ, ಹೊರಳಿತು. ಸೂಜಿ ಹಿಂದಕ್ಕೆ ಬಂದು ಮೊದಲ ಖಾಲಿ ಜಾಗವನ್ನು ತುಂಬಿತು. ಎರಡನೆಯದನ್ನು ತುಂಬಿತು. ಮೂರನೆಯದಕ್ಕೆ ಅವಳು ಕಣ್ಣು ತೆರೆದಳು, ಆಮೇಲೆ ಸೂಜಿಯ ವೇಗ ನನ್ನ ಕಣ್ಣಿಗೆ ನಿಲುಕಲಿಲ್ಲ. ಹೊರಟಲ್ಲಿಗೆ ಬಂದು ಮುಟ್ಟಿದಾಗ ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನು ಎಲ್ಲರಿಗೂ ತೋರಿಸಿದಳು. ಒಂದು ಗಂಟಿಲ್ಲ, ಒಂದು ಎಳೆ ಹೆಚ್ಚುಕಮ್ಮಿಯಿಲ್ಲ.

“ಬಂತು!” ಎಂದು ಕೂಗಿದಳು. ಹನ್ನೆರಡು ಹೆಂಗಸರೂ ಕೂಗಿದರು. ಅಧ್ಯಕ್ಷೆ ನದಾಫರು ಪದವಿಯ ಗತ್ತು ಬಿಟ್ಟು ಅವಳನ್ನು ತಬ್ಬಿಕೊಂಡರು. ನಾನು ಗೋಡೆಯ ಕಡೆ ತಿರುಗಿ ಅತ್ತೆ, ಸದ್ದು ಮಾಡಿಯೇ ಅತ್ತೆ. ಕೂಸಿನ ತೊಟ್ಟಿಲ ದಿನ ಕುಂಚಿಗೆ ಸಿದ್ಧವಾಗಿತ್ತು. ಮೂವತ್ತೊಂದು ನಿಮಿಷದಲ್ಲಿ ಇದ್ದದ್ದು ಒಂದು ಗೋಪುರ ಮಾತ್ರ. ಒಂದು ಎಳೆ ಸಿಕ್ಕ ಮೇಲೆ ಆನೆ, ನವಿಲು, ತುಳಸಿಕಟ್ಟೆ ಒಂದೊಂದಾಗಿ ತಾವಾಗಿಯೇ ಬಂದುವು.

ಗಣಕದ ಕೆಲಸ ಹೇಳಿದಂತೆಯೇ ಹೋಯಿತು. ಗುಂಡಿ ಯಾವುದು ಎಂದು ಹುಡುಕುವ ಸ್ಥಿತಿ. ಅದನ್ನು ನಾನು ಪಕ್ಕದಲ್ಲಿ ಕೂತು, ಹಳೆಯ ಕಾಲದವರ ಹಾಗೆ, ಬೆರಳು ಹಿಡಿದು ಕಲಿಸಿದೆ. ಐದು ತಿಂಗಳು ಹಿಡಿಯಿತು. ಬೈದುಕೊಂಡೆವು, ಮುನಿಸಿಕೊಂಡೆವು, ಚಹಾ ಕುಡಿದೆವು. ಈಗ ಎರಡೂ ಅವಳ ಕೈಯಲ್ಲಿವೆ. ಸಂಘದ ಯಂತ್ರಕ್ಕೆ ಅವಳು ಬರೆದುಕೊಟ್ಟ ವಿನ್ಯಾಸದಲ್ಲಿ ದಾರ ಹೋಗಿ, ಹೊರಳಿ, ಹೊರಟಲ್ಲಿಗೇ ಬರುತ್ತದೆ. ಯಂತ್ರ ಹೊಲಿದ ಸೆರಗಿನ ಬೆನ್ನಲ್ಲಿ ಗಂಟಿಲ್ಲದ್ದನ್ನು ನೋಡಲು ಬೆಳಗಾವಿಯಿಂದ ಜನ ಬಂದರು.

ನನ್ನ ರೊಟ್ಟಿಗೆ ದಾಖಲೆಯಿರಲಿಲ್ಲ. ನಿಯಮ ಪಾಲಿಸಿ ಕೈಕಟ್ಟಿ ಕೂತಿದ್ದ ನಮ್ಮಂಥವರಿಗೆಲ್ಲ ಕಳೆದುಕೊಂಡದ್ದನ್ನು ಕೈಯಿಂದಲೇ ಮರಳಿ ಕಲಿಸಬೇಕೆಂದು ಪೀಠ ಎರಡನೆಯ ಆಜ್ಞೆ ಮಾಡಿತು. ಸಂಜೆಯ ತರಗತಿ ಶುರುವಾಯಿತು. ಮೊದಲ ದಿನವೇ ಮುನವಳ್ಳಿ ಸರ್ ಹಾರ್ಮೋನಿಯಂ ಹೊತ್ತುಕೊಂಡು ಬಂದು ಮೂಲೆಯಲ್ಲಿ ಕೂತರು. ಶಾಲೆಯ ಉದ್ಘಾಟನೆಯ ದಿನ ಎಲ್ಲರಿಗಿಂತ ಮೊದಲು ಟೊಪ್ಪಿಗೆ ಹಾಕಿಕೊಂಡವರು ಅವರೇ. “ರೂಢಿ ತಪ್ಪೇತಿ ಅಂತ ತಿಳಕೊಂಡಿದ್ದೆ,” ಅಂದರು. ಯಾರೂ ನಗಲಿಲ್ಲ. ನನ್ನ ರೊಟ್ಟಿ ಈಗ ತಿರುಗುತ್ತದೆ. ಶೈಲಾಳ ರೊಟ್ಟಿಯಷ್ಟು ತೆಳುವಲ್ಲ.

ಏಳನೆಯ ನಿಯಮ ತಲೆಕೆಳಗಾಯಿತು. ಈಗ ಖಾಲಿ ಓದಿಗೆ ಬರುವವರು ತಮ್ಮ ಕೈಗೆ ಏನು ಬರುತ್ತದೋ ಅದನ್ನು ತಂದು ನಲವತ್ತು ನಿಮಿಷ ಮಾಡಬೇಕು. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಶಾಲೆ ಕಾಶವ್ವನನ್ನೇ ಕರೆಯಿತು. ಹೊಸ ತಂಡದ ಮೊದಲ ದಿನ ಶಾಲೆಯ ದೊಡ್ಡ ಕೋಣೆಯಲ್ಲಿ ಇಪ್ಪತ್ತು ಟೊಪ್ಪಿಗೆಗಳ ಕೆಳಗೆ ಇಪ್ಪತ್ತು ಕೆಲಸ ನಡೆದಿದ್ದುವು. ಕ್ಷೌರಿಕನೊಬ್ಬ ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತಿದ್ದ. ನಿವೃತ್ತ ಪೋಸ್ಟ್‌ಮನ್ ಒಬ್ಬರು ಮೊಣಕಾಲಿಗೆ ರುಮಾಲು ಸುತ್ತಿ ಬಿಚ್ಚುತ್ತಿದ್ದರು. ಪೇಡೆ ಕಟ್ಟುವವನ ಪಕ್ಕದಲ್ಲಿ ನಮ್ಮ ಸಿಬ್ಬಂದಿ ಕಾರಣವಿಲ್ಲದೆ ಓಡಾಡುತ್ತಿದ್ದರು. ಆ ಗದ್ದಲ ಕೇಳಿ ನನ್ನ ಎದೆ ತುಂಬಿತು.

ಕೊನೆಯ ಕುರ್ಚಿಯಲ್ಲಿ ಹಾಲಿನ ಅಂಗಡಿಯಲ್ಲಿ ಕೆಲಸ ಮಾಡುವ ರೇಣವ್ವ ಎಂಬ ಮೂವತ್ತರ ಹೆಂಗಸು ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದಳು. ನನ್ನ ಪರದೆಯಲ್ಲಿ ಅವಳ ಮಿದುಳಿನ ಗೆರೆಗಳ ಸಾಲು ಸಪಾಟು.

“ನನಗ ಏನೂ ಬರಂಗಿಲ್ಲ ಬೇ,” ಅಂದಳು ಕಾಶವ್ವನಿಗೆ. “ಖಾಲಿ ಅಂತನ ಬರಕೊಳ್ರಿ.”

ಕಾಶವ್ವ ಅವಳ ಸುತ್ತ ಒಂದು ಸುತ್ತು ಹಾಕಿ ಹಿಂದೆ ನಿಂತಳು. ಟೊಪ್ಪಿಗೆಯ ಕೆಳಗಿನಿಂದ ಹೆಣೆದ ಜಡೆ ಸೊಂಟದ ತನಕ ಇಳಿದಿತ್ತು.

“ಈ ಐದೆಳಿ ಹೆಳಲು ಯಾರು ಹಾಕ್ಯಾರ?”

“ಯಾರು ಹಾಕ್ತಾರ? ನಾನ ಹಾಕ್ಕೊಂಡೇನಿ. ಮನ್ಯಾಗ ಕನ್ನಡಿನೂ ಇಲ್ಲ.”

“ಬೆನ್ನ ಹಿಂದ, ಕಣ್ಣಿಲ್ಲದ, ಐದು ಎಳಿ. ಬಿಚ್ಚು. ಇಲ್ಲೇ ಕುಂತು ಮತ್ತ ಹಾಕ್ಕೋ.”

ರೇಣವ್ವ ನಾಚುತ್ತ ಬಿಚ್ಚಿದಳು. ಕೈಗಳು ಬೆನ್ನ ಹಿಂದೆ ಹೋದುವು. ನನ್ನ ಪರದೆಯ ಮೇಲೆ ಸಪಾಟಾಗಿದ್ದ ಗೆರೆ ಎದ್ದಿತು, ಅದರ ಪಕ್ಕದ್ದು ಎದ್ದಿತು, ನೋಡನೋಡುತ್ತ ಇಡೀ ಸಾಲು ಎದ್ದು ನಿಂತಿತು.

“ಬರಕೋ ತಮ್ಮಾ,” ಅಂದಳು ಕಾಶವ್ವ. “ನಲವತ್ತು ನಿಮಿಷನೂ ಬರಕೋ.”